ಗೊಂಬೆಯ ಹಾಸಿಗೆ

ಫೆಬ್ರವರಿ 4, ಮಂಗಳವಾರ

ಇವತ್ತೂ ಹನ್ನೆರಡು ತಪ್ಪು ಮಾಡಿಟ್ಟು ಬಂದೆ. ಒಂದೂ ಬಿಡಲಿಲ್ಲ. ಪಾಠ ಮಾಡುವ ಮೇಡಂ ಒಂದು ಸುತ್ತು ಹಾಕಿ, "ಚೆನ್ನಾಗಿ ಕೆಡಿಸಿದ್ದೀರಮ್ಮ" ಅಂದರು. ಅರ್ಧಕ್ಕೆ ಶಾಲೆ ಬಿಟ್ಟವಳಿಗೆ ಕಾಲೇಜಿನಲ್ಲಿ ಹೀಗೊಂದು ಹೊಗಳಿಕೆ ಸಿಗುತ್ತದೆ ಅಂತ ಯಾರಿಗೆ ಗೊತ್ತಿತ್ತು.

ಅದು ಆಸ್ಪತ್ರೆಯ ಹಳೇ ವಾರ್ಡು. ಈಗ ಡಾಕ್ಟರಿಗೆ ಓದುವವರು, ನರ್ಸಿಂಗ್ ಓದುವವರು ಕಲಿಯುವ ಕೋಣೆ. ಎರಡು ಮಂಚ. ಕಿಟಕಿ ಪಕ್ಕದ್ದರಲ್ಲಿ ಆಳೆತ್ತರದ ಗೊಂಬೆ, ಬಾಯಿ ಅರ್ಧ ತೆರೆದುಕೊಂಡು ಮಲಗಿರುತ್ತದೆ. ಅದರ ಸುತ್ತ ತಪ್ಪು ಜೋಡಿಸಿಡುವುದು ನನ್ನ ಕೆಲಸ. ಮಂಚದ ಚಕ್ರಕ್ಕೆ ಬ್ರೇಕ್ ಹಾಕಬಾರದು. ಕರೆಗಂಟೆ ಕೈಗೆ ಸಿಗದ ಹಾಗೆ ಕೆಳಗೆ ಬಿದ್ದಿರಬೇಕು. ಕೈಪಟ್ಟಿಯಲ್ಲಿ ಒಂದು ಹೆಸರು, ತಲೆಯ ಬಳಿ ಬೋರ್ಡಿನಲ್ಲಿ ಇನ್ನೊಂದು. ಬಳಸಿದ ಸೂಜಿ ದಿಂಬಿನ ಅಡಿ... ಹೀಗೆ. ಮಕ್ಕಳು ಬಂದು ಹುಡುಕುತ್ತಾರೆ. ಹುಡುಕಿ ಹೇಳಬೇಕು ಅಷ್ಟೇ, ಮುಟ್ಟಬಾರದು. ಮುಂದಿನ ತಂಡಕ್ಕೂ ಅದೇ ತಪ್ಪು ಬೇಕಲ್ಲ.

ಸಲೀಸಾಗಿ ಸಿಗದೇ ಇರುವುದು ಗೋಡೆಯ ತಪ್ಪು. ಗೋಡೆಯಲ್ಲಿ ಅಕ್ಕಪಕ್ಕ ಎರಡು ಮೂತಿ. ಒಂದರಲ್ಲಿ ಆಕ್ಸಿಜನ್, ಇನ್ನೊಂದರಲ್ಲಿ ಬರೀ ಗಾಳಿ. ಎರಡಕ್ಕೂ ಗಾಜಿನ ಮೀಟರು. ಎರಡರಲ್ಲೂ ಸಣ್ಣ ಗುಂಡು ಕುಣಿಯುತ್ತದೆ. ಮಾಸ್ಕಿನ ಪೈಪನ್ನು ಗಾಳಿಯದಕ್ಕೆ ಸಿಕ್ಕಿಸಿ ಎರಡನ್ನೂ ತೆರೆದಿಟ್ಟರೆ ಮುಗಿಯಿತು, ಸುಯ್ಯ್ ಅಂತ ಸದ್ದು ಬರುತ್ತದೆ, ಎಲ್ಲ ಸರಿಯಾಗಿಯೇ ಇದೆ ಅನಿಸುತ್ತದೆ. ಪೈಪು ಸೇರುವ ಜಾಗಕ್ಕೆ ಬೀರು ಅಡ್ಡ ಬೇರೆ. ಬೀರುವಿನ ಹಿಂದೆ ಕೈ ತೂರಿಸಿ ನಾನೇ ಹಾಕುತ್ತೇನೆ.

ಇವತ್ತು ಅದನ್ನು ಹಿಡಿದದ್ದು ನರ್ಸಿಂಗ್ ಹುಡುಗಿ ಒಬ್ಬಳೇ. ಗುಬ್ಬಿ ಅಂತ ಕರೆಯುತ್ತಾರೆ, ಅಷ್ಟು ಚಿಕ್ಕವಳು. ಗೊಂಬೆಯ ಮೂಗಿನ ಹತ್ತಿರ ಪೈಪು ಹಿಡಿದು, ಬೆರಳಲ್ಲೇ ನೇವರಿಸುತ್ತಾ ನೇವರಿಸುತ್ತಾ ಗೋಡೆಯವರೆಗೆ ಹೋದಳು. ಬೀರುವಿನ ಹಿಂದೆ ತಲೆ ತೂರಿಸಿ, "ಅಯ್ಯೋ, ತಪ್ಪಕ್ಕಾ! ಪಾಪ ಗೊಂಬೆ!" ಅಂದಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ನೋಡಿದ್ರಾ? ಮೂಗಿನಿಂದ ಗೋಡೆವರೆಗೆ. ಹೀಗೆ ನೋಡಬೇಕು" ಅಂದರು.

ತಪ್ಪಕ್ಕ ಅಂತಲೇ ನನ್ನ ಹೆಸರು ಈಗ ಇಡೀ ಕಾಲೇಜಿಗೆ.

ಫೆಬ್ರವರಿ 8, ಶನಿವಾರ

ಮಾರ್ಕೆಟ್ಟಿಗೆ ಹೋಗಿ ಬಂದರೆ ಬಾಗಿಲು ಹಾರು ಹೊಡೆದಿದೆ. ಒಳಗೆ ಎಲ್ಲ ಇದ್ದಹಾಗೇ ಇತ್ತು. ಕಳ್ಳ ಬಂದಿರಲಿಲ್ಲ. ಹೋಗುವಾಗ ಇವರು ಬೀಗ ಹಾಕಿದ್ದರಂತೆ. ಗೇಟಿನವರೆಗೆ ಹೋದ ನಾನು, ಹಾಕಿದ್ದಾರೋ ಇಲ್ಲವೋ ಅಂತ ವಾಪಸ್ ಬಂದು ಕೀ ತಿರುಗಿಸಿದ್ದೆ. ತಿರುಗಿಸಿದ್ದು ನೆನಪಿದೆ. ಯಾವ ಕಡೆಗೆ ಅಂತ ನೆನಪಿಲ್ಲ.

ಇವರು ಸಾಯಂಕಾಲವೆಲ್ಲ ಅದೇ ಹೇಳಿ ನಗುತ್ತಿದ್ದರು. "ಹಾಕಿದ್ ಬೀಗ ತೆಗೆದು ಮನೆ ಭದ್ರ ಮಾಡೋಳು ಊರಲ್ಲಿ ನೀನೊಬ್ಳೇ ಕಣೇ." ಫೋನಿನಲ್ಲಿ ಅಕ್ಕನಿಗೂ ಹೇಳಿದರು. ಅಕ್ಕ ನಗೋಕೆ ಹೋಗಿ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು. ಜ್ವರ ಮೂರು ದಿನದಿಂದ ಇದೆಯಂತೆ. "ನೀನು ಯೋಚನೆ ಮಾಡ್ಬೇಡ, ನೀನು ಯೋಚನೆ ಮಾಡೋಕೆ ಶುರು ಮಾಡಿದ್ರೆ ನಂಗೆ ಇನ್ನೂ ಜಾಸ್ತಿ ಆಗುತ್ತೆ" ಅಂದಳು.

ಯೋಚನೆ ಮಾಡುತ್ತಿದ್ದೇನೆ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು ಅವಳು. ನಾನು ಮಾಡದೆ ಇನ್ಯಾರು ಮಾಡುತ್ತಾರೆ.

ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ

ಆಸ್ಪತ್ರೆ ತುಂಬಿ ಚೆಲ್ಲುತ್ತಿದೆ. ಎಲ್ಲಿ ನೋಡಿದರೂ ಜ್ವರ, ಕೆಮ್ಮು. ವರಾಂಡದಲ್ಲಿ ಟ್ರಾಲಿ ಸಾಲು. ಆ ಸಾಲಿನಲ್ಲಿ ಅಕ್ಕ. ಭಾವ ಆಟೋದಲ್ಲಿ ಕರೆತಂದರಂತೆ. ನ್ಯುಮೋನಿಯಾ ಅಂದರು. ತುಟಿ ಒಣಗಿದೆ. ನನ್ನನ್ನು ನೋಡಿ, "ಬಂದ್ಲು ನೋಡಿ ಅಳುಮುಂಜಿ" ಅಂದಳು ಭಾವನಿಗೆ.

ಬೆಳಿಗ್ಗೆಯ ಕ್ಲಾಸು ಆಗಿತ್ತು. ಮಧ್ಯಾಹ್ನದ್ದು ಇಲ್ಲ ಅಂದರು. ಅಷ್ಟರಲ್ಲಿ ದೊಡ್ಡ ಡಾಕ್ಟರು ನಮ್ಮ ಕೋಣೆಯನ್ನೂ ವಾರ್ಡು ಮಾಡಿ, ಎರಡು ಮಂಚವಾದರೂ ಸಿಗುತ್ತದೆ ಅಂದರಂತೆ. ಮೇಡಂ ಬೇರೆ ಕಾಲೇಜಿಗೆ ಪರೀಕ್ಷೆ ಡ್ಯೂಟಿಗೆ ಹೋಗಿದ್ದಾರೆ. ಫೋನು ಮಾಡಿದರು. "ನೀವು ಇಟ್ಟ ತಪ್ಪೆಲ್ಲ ನೀವೇ ತೆಗೆದುಬಿಡಿ ಅಮ್ಮ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು" ಅಂದರು.

ಓಡಿದೆ. ಗೋಡೆಯದು ಮೊದಲು. ಆಮೇಲೆ ಬ್ರೇಕು, ಗಂಟೆ, ಪಟ್ಟಿ, ಸೂಜಿ, ನೆಲದ ನೀರು... ಎಲ್ಲ ಹನ್ನೆರಡೂ. ಗೊಂಬೆಯನ್ನು ಎತ್ತಿ ಸ್ಟೋರಿನಲ್ಲಿ ಒರಗಿಸಿದೆ. ಬಾಗಿಲಾಚೆ ಅಕ್ಕನ ಕೆಮ್ಮು ಕೇಳಿಸುತ್ತಲೇ ಇತ್ತು. ಬೇರೆ ಯಾರ ಕೆಮ್ಮೂ ನನ್ನ ಕಿವಿಗೆ ಬೀಳಲಿಲ್ಲ.

ವಾರ್ಡಿನ ಸಿಸ್ಟರ್ ಕೈ ಹಿಡಿದುಕೊಂಡು ಬೇಡಿದೆ. ನಮ್ಮಕ್ಕನಿಗೆ ಆ ಕೋಣೆ ಕೊಡಿ, ಕಿಟಕಿ ಪಕ್ಕದ ಮಂಚ ಕೊಡಿ ಅಂತ. ಸಿಸ್ಟರ್, "ಎಲ್ಲಾ ಮಂಚನೂ ಒಂದೇ ಅಲ್ವೇನ್ರೀ" ಅಂದರು. ಇಲ್ಲ. ಒಂದೇ ಅಲ್ಲ. ಬೇರೆ ಮಂಚದಲ್ಲಿ ಏನು ತಪ್ಪಿದೆಯೋ ಯಾರಿಗೆ ಗೊತ್ತು. ಇದರ ತಪ್ಪೆಲ್ಲ ನನ್ನವೇ. ಒಂದೊಂದನ್ನೂ ನಾನೇ ತೆಗೆದಿದ್ದೇನೆ. ಇಡೀ ಆಸ್ಪತ್ರೆಯಲ್ಲಿ ಇಷ್ಟು ಭದ್ರವಾದ ಮಂಚ ಇನ್ನೊಂದಿಲ್ಲ.

ಕೊಟ್ಟರು. ಪಕ್ಕದ ಮಂಚಕ್ಕೆ ಕಾಲು ಮುರಿದ ಪೇಂಟರ್ ಒಬ್ಬ ಬಂದ. ಅಕ್ಕನಿಗೆ ಮಾಸ್ಕು ಹಾಕಿದರು. ಮೀಟರಿನ ಗುಂಡು ಮೇಲೆ ಎದ್ದಿತು. ಈಗ ಉಸಿರು ಬಿಟ್ಟೆ ನಾನು.

ಅದೇ ದಿನ, ಸ್ವಲ್ಪ ಹೊತ್ತಾದ ಮೇಲೆ

ಬೆರಳಿನ ಕ್ಲಿಪ್ಪಿನಲ್ಲಿ ಬರುವ ಆಕ್ಸಿಜನ್ ನಂಬರು ಏರುತ್ತಿಲ್ಲ. ಬಂದಾಗ ಎಂಬತ್ತೊಂಬತ್ತು. ಈಗ ಎಂಬತ್ತೇಳು. ಸಿಸ್ಟರ್ ಆಕ್ಸಿಜನ್ನಿನ ತಿರುಪು ಇನ್ನಷ್ಟು ತಿರುಗಿಸಿದರು. ಗುಂಡು ಮೇಲೆ ಹಾರಿತು. ನಂಬರು ಏಳಲಿಲ್ಲ.

"ಇಲ್ಲಿ ಎಲ್ಲಾ ಸರಿ ಇದೆಯೇನ್ರೀ? ಕ್ಲಾಸ್ ರೂಮಲ್ವಾ ಇದು?" ಅಂತ ಸಿಸ್ಟರ್ ನನ್ನನ್ನು ಕೇಳಿದರು. "ಎಲ್ಲಾ ನಾನೇ ನೋಡಿದೀನಿ ಸಿಸ್ಟರ್, ಒಂದೊಂದೂ" ಅಂದೆ. ಅವರು ಮುಂದೆ ಹೋದರು. ಹೊರಗೆ ಟ್ರಾಲಿಗಳು.

ಮತ್ತೆ ನೋಡಿದೆ. ಬ್ರೇಕು ಹಾಕಿದೆ. ಗಂಟೆ ಕೈಯಲ್ಲಿದೆ. ಪಟ್ಟಿಯಲ್ಲಿ ಅಕ್ಕನ ಹೆಸರೇ ಇದೆ. ಗುಂಡು ಕುಣಿಯುತ್ತಿದೆ.

ಅಕ್ಕ ಮಾಸ್ಕು ಸರಿಸಿ, "ಗೊಂಬೆ ಎಲ್ಲಿ ಹೋಯ್ತೇ?" ಅಂದಳು.

"ಸ್ಟೋರಲ್ಲಿದೆ."

"ಪಾಪ, ಅದ್ರ ಜಾಗ ಕಿತ್ಕೊಂಡ್ವಿ" ಅಂದಳು. ಅಷ್ಟು ಹೇಳಲು ಮೂರು ಸಲ ಉಸಿರು ಎಳೆದಳು.

ಫೆಬ್ರವರಿ 12, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ತಲೆಯೊಳಗೆ ಅದೇ ತಿರುಗುತ್ತದೆ.

ನಿನ್ನೆ ಸಾಯಂಕಾಲ ನಂಬರು ಎಪ್ಪತ್ತೆಂಟಕ್ಕೆ ಇಳಿಯಿತು. ಅಕ್ಕನ ತುಟಿ ನೇರಳೆ. ನನ್ನನ್ನು ಅಮ್ಮಾ ಅಂತ ಕರೆದಳು. ಡಾಕ್ಟರು ಬಂದರು, ಇಂಜೆಕ್ಷನ್ ಅಂದರು, ಐಸಿಯುಗೆ ಫೋನು ಅಂದರು. ಯಾರೋ ಇನ್ನೂ ಜಾಸ್ತಿ ಕೊಡಿ ಅಂದರು. ಸಿಸ್ಟರ್ ತಿರುಪನ್ನು ಕೊನೆಯವರೆಗೆ ತಿರುಗಿಸಿದರು. ಕೋಣೆ ತುಂಬ ಸುಯ್ಯ್ ಅನ್ನುವ ಸದ್ದು.

ಆಗ ಗುಬ್ಬಿ ಬಂದಳು. ಸಾಯಂಕಾಲದ ಡ್ಯೂಟಿಗೆ ಹಾಕಿದ್ದರಂತೆ. ಅವಳು ಯಾರ ಮುಖವನ್ನೂ ನೋಡಲಿಲ್ಲ. ಅಕ್ಕನ ಮೂಗಿನ ಹತ್ತಿರ ಪೈಪು ಹಿಡಿದಳು. ಬೆರಳು ಪೈಪಿನ ಮೇಲೆ ಹೋಯಿತು, ದಿಂಬು ದಾಟಿತು, ಮಂಚದ ಕಂಬಿ ದಾಟಿತು, ಬೀರುವಿನ ಹಿಂದೆ ಹೋಯಿತು. ಅವಳ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ.

"ಇದು ಗಾಳಿ" ಅಂದಳು. ಕಿರುಚಲಿಲ್ಲ. ಮೆಲ್ಲಗೆ ಅಂದಳು. ಆಮೇಲೆ ಕಿರುಚಿದಳು. "ಇದು ಗಾಳಿ! ಇವ್ರಿಗೆ ಆಕ್ಸಿಜನ್ನೇ ಹೋಗ್ತಿಲ್ಲ!"

ಪೈಪು ಕಿತ್ತು ಪಕ್ಕದ್ದಕ್ಕೆ ಹಾಕಿದಳು. ನೋಡುನೋಡುತ್ತಿದ್ದ ಹಾಗೆ ನಂಬರು ಏರತೊಡಗಿತು. ಎಂಬತ್ತು... ಎಂಬತ್ತಮೂರು... ಎಂಬತ್ತೆಂಟು.

ಇಡೀ ಮಧ್ಯಾಹ್ನ ಆಕ್ಸಿಜನ್ ಪೈಪಿಲ್ಲದ ಮೂತಿಯಿಂದ ಸುಮ್ಮನೆ ಕೋಣೆಯೊಳಗೆ ಹೋಗುತ್ತಿತ್ತು. ಗೋಡೆಗೆ, ಪೇಂಟರನಿಗೆ, ನನಗೆ. ಅಕ್ಕನೊಬ್ಬಳಿಗೆ ಇಲ್ಲ.

ಅಷ್ಟರಲ್ಲಿ ಅಕ್ಕ ಸೋತುಹೋಗಿದ್ದಳು. ಐಸಿಯುಗೆ ಒಯ್ದರು. ಗಂಟಲಿಗೆ ಪೈಪು ಹಾಕಿ ಮಷೀನಿಗೆ ಸೇರಿಸಿದ್ದಾರೆ. ಉಳಿಯುತ್ತಾಳಾ ಅಂತ ಭಾವ ಕೇಳಿದರು. ಡಾಕ್ಟರು ಉತ್ತರ ಹೇಳುವ ಮೊದಲು ಕನ್ನಡಕ ತೆಗೆದು ಒರೆಸಿದರು.

ನಾನು ತೆಗೆದಿದ್ದೆ. ಗೋಡೆಯದನ್ನೇ ಮೊದಲು ತೆಗೆದಿದ್ದೆ. ಇದು ಹೇಗೆ?

ಫೆಬ್ರವರಿ 14, ಶುಕ್ರವಾರ

ಇನ್ನೂ ಮಷೀನಿನಲ್ಲೇ ಇದ್ದಾಳೆ.

ಫೆಬ್ರವರಿ 17, ಸೋಮವಾರ

ದೊಡ್ಡ ಡಾಕ್ಟರ ಕೋಣೆಗೆ ಎಲ್ಲರನ್ನೂ ಕರೆದರು. ಮೇಡಂ, ಸಿಸ್ಟರ್, ಗುಬ್ಬಿ, ನಾನು. ಭಾವನೂ ಬಂದಿದ್ದರು, ಬರಬೇಡಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಗುಬ್ಬಿ ತಾನಾಗೇ ಹೇಳಿದಳು. "ಆ ದಿನ ಬೆಳಿಗ್ಗೆ ಕ್ಲಾಸ್ ಮುಗಿದ್ಮೇಲೆ ಪೆನ್ನು ಮರೆತಿದ್ದೆ ಸರ್, ವಾಪಸ್ ಬಂದೆ. ಪೈಪು ಹಾಗೇ ಗಾಳಿಯಲ್ಲಿತ್ತು. ಮುಟ್ಟಬಾರದು ಅಂತ ಗೊತ್ತು. ಮನಸ್ಸು ತಡೀಲಿಲ್ಲ. ಗೊಂಬೆನೇ ಆದ್ರೂ... ಆಕ್ಸಿಜನ್‌ಗೆ ಹಾಕಿ ಹೋದೆ. ಅಷ್ಟೇ ಸರ್."

ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ತೆಗೆಯೋಕೆ ಹೋದಾಗ ಪೈಪು ಎಲ್ಲಿತ್ತಮ್ಮ?"

"ತಪ್ಪಾಗೇ ಇತ್ತು ಸರ್. ಗಾಳಿಯಲ್ಲೇ. ನಾನು ಸರಿ ಮಾಡಿದೆ."

ಗುಬ್ಬಿ ನನ್ನನ್ನು ನೋಡಿದಳು. ಬೆಚ್ಚಿಬಿದ್ದಹಾಗೆ. ಯಾಕೆ ಹೀಗೆ ನೋಡುತ್ತಾಳೆ ಅಂದುಕೊಂಡೆ.

"ಹಾಗಾದ್ರೆ ಈ ಹುಡುಗಿ ಹೇಳೋದು ಹೇಗಾಗುತ್ತೆ?" ಅಂದು ದೊಡ್ಡ ಡಾಕ್ಟರು ಗುಬ್ಬಿಯ ಕಡೆ ತಿರುಗಿದರು. "ನೀನು ಬಂದಿದ್ದು ಇವರು ಸರಿ ಮಾಡಿ ಹೋದ ಮೇಲೆ. ಸರಿ ಇದ್ದಿದ್ದನ್ನ ತಪ್ಪು ಅಂದ್ಕೊಂಡು ಬದಲಾಯಿಸಿದ್ದೀಯ. ಈಗ ಬೆಳಿಗ್ಗೆ ಅಂತೀಯ."

"ಇಲ್ಲ ಸರ್, ಬೆಳಿಗ್ಗೆನೇ ಸರ್, ಆಣೆ ಮಾಡಿ ಹೇಳ್ತೀನಿ..."

ಭಾವ ಎದ್ದು ನಿಂತರು. "ಆಣೆ ಯಾಕಮ್ಮ? ಮುಟ್ಟಬೇಡ ಅಂದ್ರೆ ಮುಟ್ಟೋದು, ಆಮೇಲೆ ಕಾಪಾಡೋಕೆ ಓಡಿ ಬರೋದು! ನಾಟಕನಾ ಇದು?"

ಮೇಡಂ ಮಾತ್ರ, "ಸರ್, ನಾವು ಮಕ್ಕಳಿಗೆ ಹೇಳ್ಕೊಡೋದು ಯಾರು ಅಂತ ಕೇಳಬೇಡಿ, ಹೇಗಾಯ್ತು ಅಂತ ಕೇಳಿ ಅಂತ. ಇವತ್ತು ನಾವೇ ಯಾರು ಅಂತ ಕೂತಿದ್ದೀವಿ" ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಬ್ಬಿಯನ್ನು ವಾರ್ಡಿಗೆ ಹೋಗಬೇಡ ಅಂದಿದ್ದಾರೆ. ಮುಂದಿನ ಮೀಟಿಂಗಿನವರೆಗೆ. ಆಮೇಲೆ ಕೋರ್ಸಿನಿಂದಲೇ ತೆಗೆಯಬಹುದಂತೆ.

ನನಗೂ ಅವಳ ಮೇಲೆ ಕೋಪ ಬಂತು. ಸುಳ್ಳು ಯಾಕೆ ಹೇಳಬೇಕು.

ಫೆಬ್ರವರಿ 20, ಗುರುವಾರ

ಗಂಟಲಿನ ಪೈಪು ತೆಗೆದರು! ಅಕ್ಕ ಕಣ್ಣು ಬಿಟ್ಟಳು. ದನಿ ಇಲ್ಲ. ತುಟಿ ಮಾತ್ರ ಅಲ್ಲಾಡಿತು. ಬಗ್ಗಿ ಕಿವಿ ಕೊಟ್ಟೆ. "ಗೊಂಬೆಗೆ ಜಾಗ ಕೊಟ್ರಾ?" ಅಂತ.

ಅಲ್ಲೇ ಕೂತು ಅತ್ತೆ. ಐಸಿಯು ಸಿಸ್ಟರ್ ಬೈದು ಹೊರಗೆ ಕಳಿಸಿದರು.

ಫೆಬ್ರವರಿ 23, ಭಾನುವಾರ

ಅಕ್ಕ ವಾರ್ಡಿಗೆ ಬಂದಿದ್ದಾಳೆ. ಇವರು ಮತ್ತು ನಾನು ನೋಡಲು ಹೊರಟೆವು. ಗೇಟಿನವರೆಗೆ ಹೋಗಿ ನಾನು ವಾಪಸ್ ಬಂದೆ. ಬೀಗದಲ್ಲಿ ಕೀ ಹಾಕಿ ತಿರುಗಿಸುತ್ತಿದ್ದೆ. ಹಿಂದಿನಿಂದ ಇವರು ಕೂಗಿದರು.

"ಲೇ, ಹಾಕಿದೀನಿ ಕಣೇ! ಮತ್ತೆ ತಿರುಗಿಸಿದ್ರೆ ತೆರ್ಕೊಳ್ಳುತ್ತೆ! ಮೊದ್ಲು ಹಾಕಿದ್ಯಾ ಇಲ್ವಾ ಅಂತ ನೋಡು, ಆಮೇಲೆ ತಿರುಗಿಸು!"

ಕೈ ಕೀಯ ಮೇಲೆ ಹಾಗೇ ನಿಂತುಬಿಟ್ಟಿತು.

ಮೊದಲು ನೋಡು.

ಬೀರುವಿನ ಹಿಂದೆ ಕೈ ತೂರಿಸಿದ್ದೆ. ಕಣ್ಣು ಬಾಗಿಲ ಕಡೆ ಇತ್ತು, ಅಕ್ಕ ಕೆಮ್ಮುತ್ತಿದ್ದಳು. ಪೈಪು ಕೈಗೆ ಸಿಕ್ಕಿತು. ಕಿತ್ತೆ. ಪಕ್ಕದ್ದಕ್ಕೆ ಸಿಕ್ಕಿಸಿದೆ. ಯಾವುದರಿಂದ ಕಿತ್ತೆ ಅಂತ ನೋಡಲಿಲ್ಲ. ಯಾಕೆ ನೋಡಬೇಕು, ತಪ್ಪು ಇಟ್ಟವಳು ನಾನೇ ಅಲ್ಲವಾ, ಅದು ತಪ್ಪಾಗಿಯೇ ಇರುತ್ತದೆ.

ಅದು ಸರಿಯಾಗಿತ್ತು. ಗುಬ್ಬಿ ಬೆಳಿಗ್ಗೆಯೇ ಸರಿ ಮಾಡಿ ಹೋಗಿದ್ದಳು.

ತಪ್ಪಾಗಿಯೇ ಇತ್ತು ಸರ್ ಅಂದೆನಲ್ಲ. ಎಲ್ಲರೆದುರಿಗೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಆ ಮಗು ನನ್ನ ಮುಖ ನೋಡಿದ್ದು ಅದಕ್ಕೆ.

ಅಕ್ಕನನ್ನು ಆ ಮಂಚಕ್ಕೆ ಹಾಕಿಸಿದ್ದೂ ನಾನು. ಸಿಸ್ಟರ್ ಕೇಳಿದಾಗ ಎಲ್ಲ ಸರಿ ಇದೆ ಅಂದಿದ್ದೂ ನಾನು.

ಆಸ್ಪತ್ರೆಗೆ ಹೋಗಲಿಲ್ಲ. ತಲೆನೋವು ಅಂದೆ. ಇವರೊಬ್ಬರೇ ಹೋದರು.

ಫೆಬ್ರವರಿ 26, ಬುಧವಾರ

ಅಕ್ಕನ ಎದುರು ಕೂತಿದ್ದೆ. ಹೇಳಬೇಕು ಅಂತಲೇ ಹೋದದ್ದು. ಅವಳು ಹಣ್ಣು ತಿನ್ನುತ್ತಿದ್ದಳು, ಒಂದು ಹೋಳು, ಒಂದು ವಿರಾಮ. ಭಾವ ಪಕ್ಕದಲ್ಲಿ ಗುಬ್ಬಿಯನ್ನು ಬೈಯುತ್ತಿದ್ದರು. ಅವಳ ಓದು ನಿಲ್ಲಿಸದೆ ಬಿಡೋದಿಲ್ಲ ಅಂದರು.

ಅಕ್ಕ, "ಆ ಹುಡುಗಿ ನೋಡ್ದೇ ಇದ್ದಿದ್ರೆ ನಾನು ಇರ್ತಿರ್ಲಿಲ್ವಂತೆ, ಸುಮ್ನಿರಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಎಲ್ಲಾ ಸರಿ ಮಾಡಿಟ್ಟಿದ್ಯಂತೆ, ಪಾಪ. ನೀನಿದೀಯ ಅಂತಾನೇ ನಾನು ಧೈರ್ಯವಾಗಿ ಮಲಗಿದ್ದೆ ಕಣೇ" ಅಂದಳು.

ಹೇಳಲಿಲ್ಲ. ಒಂದು ಹೋಳು ಹಣ್ಣು ನನ್ನ ಕೈಗೂ ಕೊಟ್ಟಳು. ತಿಂದೆ. ರುಚಿ ಗೊತ್ತಾಗಲಿಲ್ಲ.

ಬರುವಾಗ ಹಾಸ್ಟೆಲ್ ಮೆಟ್ಟಿಲಲ್ಲಿ ಗುಬ್ಬಿ ಕೂತಿದ್ದಳು. ಯೂನಿಫಾರ್ಮ್ ಇಲ್ಲದೆ ಇನ್ನೂ ಚಿಕ್ಕವಳಾಗಿ ಕಂಡಳು. ನನ್ನನ್ನು ನೋಡಿ ಎದ್ದು ನಿಂತಳು. "ನಾನೇ ಏನೋ ತಪ್ಪು ಮಾಡಿದೆ ಅನ್ಸುತ್ತೆ ಅಕ್ಕಾ. ಎಲ್ರೂ ಹೇಳ್ತಿದಾರೆ. ಬೆಳಿಗ್ಗೆನಾ, ಮಧ್ಯಾಹ್ನನಾ... ಈಗ ನಂಗೇ ಅನುಮಾನ" ಅಂದಳು.

ದೇವರೇ. ಅವಳಿಗೆ ಅವಳ ಮೇಲೇ ನಂಬಿಕೆ ಹೋಗಿಬಿಟ್ಟಿದೆ.

ಮಾರ್ಚ್ 3, ಸೋಮವಾರ

ಹೇಳಿದೆ.

ಮತ್ತೆ ಅದೇ ಕೋಣೆ, ಅದೇ ಮೇಜು. ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು, ಹಿಂದೆ ಚಿಕ್ಕ ಸಿಲಿಂಡರ್, ಮೂಗಿಗೆ ಸಣ್ಣ ಪೈಪು. ಏನಾಯಿತು ಅಂತ ಕೇಳುವ ಹಕ್ಕು ಅವರಿಗೇ ಮೊದಲು ಅಂತ ಮೇಡಂ ಹಟ ಹಿಡಿದರಂತೆ. ಅವಳು ಬರುವುದು ನನಗೆ ಗೊತ್ತಿರಲಿಲ್ಲ. ಮೀಟಿಂಗಿನಲ್ಲಿ ಹೇಳಿ, ಆಮೇಲೆ ಅವಳಿಗೆ ನಿಧಾನಕ್ಕೆ ಹೇಳೋಣ ಅಂದುಕೊಂಡಿದ್ದೆ.

ದೊಡ್ಡ ಡಾಕ್ಟರು ಗುಬ್ಬಿಯನ್ನು ಕೋರ್ಸಿನಿಂದ ತೆಗೆಯುವ ಕಾಗದ ತೆರೆದರು. ನಾನು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

"ಆ ಹುಡುಗಿ ಬೆಳಿಗ್ಗೆನೇ ಸರಿ ಮಾಡಿದ್ಲು ಸರ್. ಸರಿಯಾಗೇ ಇತ್ತು. ನಾನು ನೋಡ್ದೆ ಕಿತ್ತು ಗಾಳಿಗೆ ಹಾಕ್ದೆ. ತಪ್ಪಾಗಿತ್ತು ಅಂತ ಅವತ್ತು ಹೇಳಿದೆನಲ್ಲ, ನಾನು ನೋಡೇ ಇರ್ಲಿಲ್ಲ. ಕೈಗೆ ಅಭ್ಯಾಸ ಸರ್. ಕೈಯೇ ಮಾಡ್ತು."

ಗುಬ್ಬಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲ್ಲಾಡುತ್ತಿತ್ತು. ದೊಡ್ಡ ಡಾಕ್ಟರು ಕಾಗದ ಮಡಚಿದರು. ಭಾವ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಯಾರು ಅಂತ ಗುರುತು ಸಿಗದವರ ಹಾಗೆ. ಆಮೇಲೆ ಎದ್ದು ಹೊರಗೆ ಹೋದರು. ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಹೋದರು. ಜೋರಾಗಿ ಹಾಕಿದ್ದರೆ ವಾಸಿಯಿತ್ತು.

ಅಕ್ಕನ ಕಡೆ ನೋಡಲು ಆಗಲಿಲ್ಲ. ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು.

"ಇಲ್ಲಿ ಬಾ" ಅಂದಳು.

ಹೋದೆ. ಹೊಡೆಯುತ್ತಾಳೆ ಅಂದುಕೊಂಡೆ. ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದಳು, ಹೊಡೆದು ತಾನೇ ಅಳುತ್ತಿದ್ದಳು. ಹೊಡೆಯಲಿಲ್ಲ. ಅವಳ ಕಣ್ಣೂ ಒಣಗಿತ್ತು. ಮೇಡಂ ನೀರು ಕೊಡಲು ಬಂದರು, ಬೇಡ ಅಂತ ಕೈ ಆಡಿಸಿದಳು.

ಆಮೇಲೆ ಮೂಗಿನ ಪೈಪನ್ನು ತೋರಿಸಿದಳು.

"ಇದನ್ನ ನೋಡು."

"ಅಕ್ಕಾ, ನಾನು ಬೇಡ. ಸಿಸ್ಟರ್ ನೋಡ್ತಾರೆ. ಗುಬ್ಬಿ ನೋಡ್ಲಿ..."

"ನಿನ್ಗೆ ಹೇಳಿದ್ದು. ಸರಿಯಾಗಿದ್ಯಾ ನೋಡು. ಈ ಸಲ ಕಣ್ಣು ಬಿಟ್ಕೊಂಡು ನೋಡು."

ಮಂಡಿಯೂರಿ ಕೂತೆ. ಮೂಗಿನ ಹತ್ತಿರ ಪೈಪು ಹಿಡಿದೆ. ಅವಳ ಬಿಸಿಯುಸಿರು ಕೈಗೆ ತಾಗಿತು. ಕೆನ್ನೆ, ಕಿವಿಯ ಹಿಂದೆ, ಭುಜ... ಕುರ್ಚಿಯ ಕೈ ದಾಟಿದೆ. ಸಿಲಿಂಡರ್ ಕಾಣಿಸಿತು. ಅದರ ಮೂತಿಯ ಹತ್ತಿರ ಬೆರಳು ತಂದು, ಬಗ್ಗಿ, ಮೇಲೆ ಆಕ್ಸಿಜನ್ ಅಂತ ಬರೆದದ್ದನ್ನು ಓದಿ, ಪೈಪು ಅದಕ್ಕೇ ಸೇರಿರುವುದನ್ನು ಕಣ್ಣಾರೆ ನೋಡಿದ ಮೇಲೆ, "ಸರಿಯಾಗಿದೆ ಅಕ್ಕಾ" ಅಂದೆ.